ಅತ್ತೆಯ ಕೊನೆಯ ಪುಸ್ತಕಕ್ಕೆ ಇಂಕು ಹುಡುಕಿದ್ದು

ಅತ್ತೆಯ ಬಲಗೈಯ ಪಟ್ಟಿ ಬಿಚ್ಚಿದ ವಾರವೇ ಗೊತ್ತಾಯಿತು, ಇನ್ನು ಅವರಿಂದ ಬಾಲ್‌ಪೆನ್ನು ಒತ್ತಿ ಬರೆಯಲಾಗದು ಎಂದು. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡಿತು, ಆದರೆ ಹೆಬ್ಬೆರಳಿಗೆ ಮೊದಲಿನ ಬಲ ಬರಲಿಲ್ಲ. ಲೋಟ ಹಿಡಿಯುತ್ತಿದ್ದರು, ಸೊಪ್ಪು ಸೋಸುತ್ತಿದ್ದರು. ಪೆನ್ನು ಹಿಡಿದರೆ ಮಾತ್ರ ಒಂದು ಸಾಲು ಮುಗಿಯುವುದರೊಳಗೆ ಕೈ ಕೆಳಗಿಟ್ಟು, ಎಡಗೈಯಿಂದ ಹೆಬ್ಬೆರಳು ನೀವಿಕೊಳ್ಳುತ್ತಾ ಕಿಟಕಿಯಾಚೆ ನೋಡುತ್ತಿದ್ದರು. ನೋಯುತ್ತದೆ ಎಂದು ಹೇಳುವವರಲ್ಲ. ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದರು.

ಅವರು ಬರೆಯುವುದು ಒಂದೇ ಪದ. ರಾಮಕೋಟಿ ಪುಸ್ತಕವನ್ನು ಕಾಣದವರಿಗೆ ಹೇಳುವುದಾದರೆ, ಅದು ತೆಳು ಹಾಳೆಯ ಪುಸ್ತಕ. ಪುಟದ ಎರಡೂ ಬದಿಯಲ್ಲಿ ಸಣ್ಣ ಚೌಕ ಮನೆಗಳು ಅಚ್ಚಾಗಿರುತ್ತವೆ. ಒಂದೊಂದು ಮನೆಯಲ್ಲಿ ಒಂದೊಂದು ಸಲ ‘ಶ್ರೀರಾಮ’ ಎಂದು ತುಂಬಿಸುತ್ತಾ ಹೋಗಬೇಕು. ಮನೆ ಖಾಲಿ ಬಿಡುವಂತಿಲ್ಲ, ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅತ್ತೆ, ಮಾವನವರು ತೀರಿಕೊಂಡ ಮೇಲೆ ಇದನ್ನು ಹರಕೆ ಹೊತ್ತು ಶುರುಮಾಡಿದ್ದರು. ಬರೆದು ಮುಗಿಸಿದ ಪುಸ್ತಕಗಳು ಒಂದು ಟ್ರಂಕು ತುಂಬಿದ್ದವು. ಬಾಕಿ ಇದ್ದದ್ದು ಕೊನೆಯದೊಂದು, ಅದೂ ಮುಕ್ಕಾಲು ಪಾಲು ಖಾಲಿ.

ಅವರ ತವರೂರು ನಿಡಘಟ್ಟದಿಂದ ಒಳಕ್ಕೆ ಹೋದರೆ ಸಿಗುತ್ತದೆ. ಅಲ್ಲಿ ಹೊಸದಾಗಿ ರಾಮಮಂದಿರ ಕಟ್ಟುತ್ತಿದ್ದರು. ಮಂದಿರದ ಮುಂದೊಂದು ಕಲ್ಲಿನ ಕಂಬ. ಕಂಬದ ಬುಡದ ಗುಂಡಿಯಲ್ಲಿ ಭಕ್ತರು ಬರೆದ ಪುಸ್ತಕಗಳನ್ನು ಇಟ್ಟು ಮೇಲೆ ಕಾಂಕ್ರೀಟು ಹಾಕುತ್ತಾರಂತೆ. ಹಬ್ಬಕ್ಕೆ ಮೊದಲೇ ಗುಂಡಿ ಮುಚ್ಚುತ್ತೇವೆ, ಪೂರ್ತಿ ಮಾಡಿ ತನ್ನಿ ಎಂದು ಸಮಿತಿಯವರು ಫೋನು ಮಾಡಿದ್ದರು. ಹುಟ್ಟಿದ ಊರಿನ ಕಂಬದ ಕೆಳಗೆ ತನ್ನ ಪುಸ್ತಕ ಇರಬೇಕೆಂಬುದು ಅತ್ತೆಯ ಆಸೆ. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ನನಗೆ ಅಷ್ಟು ಸಾಕಾಗಿತ್ತು.

ಹಲಗೂರಿನಿಂದ ಬಂದ ನಾದಿನಿ ಸುಲಭದ ದಾರಿ ಹೇಳಿದಳು. “ಅತ್ತಿಗೆ ಬರ್ದ್‌ಕೊಡ್ತಾರೆ ಬುಡವ್ವ. ಅವ್ರ ಅಕ್ಸರ ಮುತ್ತಿದ್ದಂಗದೆ. ದೇವ್ರೇನ್ ಬಂದು ಯಾರ್ ಕೈ ಅಂತ ನೋಡ್ತಾನಾ?”

ಅತ್ತೆ ತಲೆ ಎತ್ತಲಿಲ್ಲ. “ನಿಂಗೆ ಅಸಿವಾದಾಗ ನಿಮ್ಮತ್ತಿಗೆ ಉಂಡ್ರೆ ಆಯ್ತದಾ?”

ಅಲ್ಲಿಗೆ ಆ ಮಾತು ಮುಗಿಯಿತು.

ಇಂಕ್ ಪೆನ್ನಿನ ಯೋಚನೆ ನನ್ನದು. ಮಂಡ್ಯದ ಕಾನ್ವೆಂಟಿನಲ್ಲಿ ನಮಗೆ ಬಾಲ್‌ಪೆನ್ನು ಮುಟ್ಟಲು ಬಿಡುತ್ತಿರಲಿಲ್ಲ. ಇಂಕ್ ಪೆನ್ನು, ಅದರಲ್ಲೂ ಬ್ಲೂ ಬ್ಲ್ಯಾಕ್ ಮಾತ್ರ. ಕಾಪಿ ತಿದ್ದುವ ಸಿಸ್ಟರ್ ಅಕ್ಷರ ನೋಡುವ ಮೊದಲು ಹಾಳೆಯ ಹಿಂಬದಿ ನೋಡುತ್ತಿದ್ದರು. ಕಿಟಕಿಯ ಬೆಳಕಿಗೆ ಹಿಡಿದು, ಹಿಂದಕ್ಕೆ ಮೂಡಿದ್ದರೆ ಒತ್ತಿ ಬರೆದಿದ್ದೀಯ ಎಂದು ಕಾಪಿ ವಾಪಸು ಕೊಡುತ್ತಿದ್ದರು. ಪೆನ್ನಿನ ಭಾರವೇ ಸಾಕು, ಕೈಯ ಭಾರ ಬೇಡ ಎಂಬುದು ಅಲ್ಲಿ ಕಲಿತದ್ದು. ಒತ್ತಲು ಬಲವಿಲ್ಲದ ಕೈಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಎಂದುಕೊಂಡೆ. ಜೆಲ್ ಪೆನ್ನನ್ನು ಮೊದಲೇ ನೋಡಿಯಾಗಿತ್ತು. ಒಣಗುವ ಮೊದಲೇ ಅತ್ತೆಯ ಅಂಗೈ ತಾಗಿ ಸಾಲೆಲ್ಲ ಬಾಲ ಬಿಟ್ಟಿತ್ತು.

ನನ್ನ ಶಾಲೆಯ ಪೆನ್ನು ಇನ್ನೂ ಬೀರುವಿನಲ್ಲಿತ್ತು. ಬಿಸಿನೀರಲ್ಲಿ ನೆನೆಹಾಕಿ ತೊಳೆದೆ. ಮಳವಳ್ಳಿ ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಇದ್ದ ಒಂದೇ ಬ್ಲೂ ಬ್ಲ್ಯಾಕ್ ಬಾಟಲಿ ತಂದು ತುಂಬಿಸಿಕೊಟ್ಟೆ. ಮುಚ್ಚಳದ ಮೇಲೆ ಪರ್ಮನೆಂಟ್ ಎಂದು ಅಚ್ಚಾಗಿತ್ತು. ಅತ್ತೆ ಒಂದು ಪುಟ ಬರೆದರು. ಕೈ ನೀವಿಕೊಳ್ಳಲಿಲ್ಲ. “ತಾನೇ ಓಡ್ತದೆ ಕಣವ್ವ ಇದು,” ಎಂದರು. ಆ ದಿನ ನನಗೆ ಬೇರೇನೂ ಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಎಂದಿನಂತೆ ತೀರ್ಥ ತೆಗೆದುಕೊಂಡು, ಒದ್ದೆ ಕೈಯನ್ನು ತಲೆಗೆ ಸವರಿ, ಹಾಗೇ ಪುಸ್ತಕ ತೆರೆದರು. ಬೆರಳ ತುದಿಯಿಂದ ಒಂದು ಹನಿ ಹಿಂದಿನ ದಿನದ ಪುಟದ ಮೇಲೆ ಬಿತ್ತು. ಸೆರಗಿನಿಂದ ಒರೆಸಿದರು. ಒರೆಸಿದ ಕಡೆ ಅಕ್ಷರ ಉಳಿಯಲಿಲ್ಲ. ನೀಲಿ ಅಂಚಿನ ಬೂದು ಕಲೆ, ನಡುವೆ ಎಲ್ಲೋ ಸ್ವಲ್ಪ ಗುಲಾಬಿ. ಮನೆಯ ಗೆರೆಗಳು ಅಚ್ಚಿನವು, ಅವು ಹಾಗೇ ಇದ್ದವು. ಒಳಗಿದ್ದ ಹೆಸರು ಹೋಗಿತ್ತು.

“ಇಷ್ಟೇನಾ ಇದ್ರ ಗಟ್ಟಿತನ?” ಎಂದರು ಅತ್ತೆ. ನನ್ನನ್ನು ಬೈದದ್ದಲ್ಲ. ಆದರೆ ನನಗೇ ಅಂದಂತಾಯಿತು.

ಹೀಗೆ ಇಂಕು ಹೋಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮನೆ ನೋಡಿಕೊಳ್ಳುವವಳು. ಎರಡು ಅಂಗಡಿಯ ಬೇಳೆ ತಂದು ಒಂದೇ ಕುಕ್ಕರಿನಲ್ಲಿ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಬೇಯಿಸಿ ಯಾವುದು ಬೇಗ ಬೇಯುತ್ತದೆಂದು ನೋಡುವ ಅಭ್ಯಾಸ ನನಗುಂಟು. ಅದೇ ರೀತಿ ಇಂಕನ್ನೂ ನೋಡಿದರಾಯಿತು ಎಂದುಕೊಂಡೆ.

ಕಾಗದ ಅದೇ ಆಗಿರಬೇಕೆಂದು ಅಂಥದ್ದೇ ಇನ್ನೊಂದು ಪುಸ್ತಕ ಕೊಂಡೆ. ಪೆನ್ನಿನ ವ್ಯತ್ಯಾಸ ಬರಬಾರದೆಂದು ಒಂದೇ ತರದ ಅಗ್ಗದ ಪೆನ್ನುಗಳನ್ನು ತಂದು, ಒಂದೊಂದಕ್ಕೆ ಒಂದೊಂದು ಇಂಕು ತುಂಬಿ, ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ಪದವೂ ಅದೇ ಇರಬೇಕು. ‘ಶ್ರೀ’ಯ ಒಳಸುರುಳಿಯಲ್ಲಿ ಇಂಕು ನಿಂತುಬಿಡುತ್ತದೆ, ಅಲ್ಲೇ ತೊಂದರೆ ಶುರುವಾಗುವುದು. ಆದ್ದರಿಂದ ಪುಟಗಟ್ಟಲೆ ಶ್ರೀರಾಮ ಬರೆದೆ. ಬರೆದ ಕೂಡಲೇ ಒಂದು ಸಾಲನ್ನು ಬೆರಳಿಂದ ಉಜ್ಜುವುದು, ಒಣಗಿದ ಮೇಲೆ ಒಂದು ಸಾಲಿಗೆ ನೀರಿನ ಹನಿ, ಒಂದಕ್ಕೆ ಹಾಲಿನ ಹನಿ, ಯಾಕೆಂದರೆ ಅತ್ತೆ ಅಭಿಷೇಕದ ಹಾಲಿನ ಕೈಯಲ್ಲೂ ಬರೆಯುತ್ತಾರೆ. ಆಮೇಲೆ ಹಾಳೆ ತಿರುಗಿಸಿ ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದು ಹಿಂದಕ್ಕೆ ಇಂಗಿದೆಯೇ ಎಂದು ನೋಡುವುದು. ಎರಡೂ ಬದಿ ಬರೆಯುವ ಪುಸ್ತಕದಲ್ಲಿ ಇಂಗುವ ಇಂಕು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಕೊನೆಗೆ ಪೆನ್ನಿನ ಮುಚ್ಚಳ ತೆರೆದಿಟ್ಟು ಕಾಯುವುದು. ಬರೆಯುತ್ತಾ ಬರೆಯುತ್ತಾ ಹೊರಗೆ ಯಾರಾದರೂ ಕರೆದರೆ ಪೆನ್ನನ್ನು ಹಾಗೇ ಬಿಟ್ಟು ಎದ್ದು ಹೋಗುವವರು ನಮ್ಮತ್ತೆ.

ಎರಡನೆಯ ಇಂಕಿಗೆ ಮದ್ದೂರಿಗೆ ಹೋದೆ. ನಾದಿನಿಯ ಮಗಳ ಶಾಲೆಗೆ ಅಲ್ಲಿಂದಲೇ ತರಿಸುತ್ತಾರೆ ಎಂದು ಕೇಳಿದ್ದೆ. ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದೆ. ಚೌಕ ಬಾಟಲಿಯ ಇಂಕು, ನವಿಲಿನ ಕುತ್ತಿಗೆಯಂಥ ಬಣ್ಣ. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಿಂದ ಬಂದವರು ಬಾಟಲಿ ಎತ್ತಿ ನೋಡಿ, “ಮದ್ದೂರಿಗೆ ಹೋದೋರು ವಡೆ ತರ್ತಾರೆ. ನೀನು ಮಸಿ ತಂದಿದ್ದೀಯ,” ಎಂದರು.

“ವಡೆಯಲ್ಲಿ ಬರೆಯೋಕಾಗುತ್ತಾ?”

“ಇದ್ರಲ್ಲಿ ಬರೆಯೋಕಾಯ್ತಾ?”

ಆಗಲಿಲ್ಲ. ನೀರಿಗೆ ಸುಮಾರಾಗಿ ನಿಂತಿತು, ಆದರೆ ಮುಚ್ಚಳ ತೆಗೆದಿಟ್ಟು ಒಗ್ಗರಣೆ ಹಾಕಿ ಬರುವಷ್ಟರಲ್ಲಿ ನಿಬ್ಬು ಒಣಗಿ ಗೀಚಿದರೂ ಬರೆಯದಾಗಿತ್ತು. ಮೂರನೆಯದನ್ನು ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದೆ. ಹೊರದೇಶದ್ದು, ಸುಗಂಧದ ಬಾಟಲಿಯಂಥ ಬಾಟಲಿ. ಅಷ್ಟು ನುಣ್ಣಗೆ ಬರೆಯುವ ಇಂಕು ನಾನು ಕಂಡಿರಲಿಲ್ಲ. ನಮ್ಮ ತೆಳು ಹಾಳೆಯ ಮೇಲೆ ಮಾತ್ರ ಅಕ್ಷರದ ಅಂಚಿಗೆಲ್ಲ ಬೇರು ಬಿಟ್ಟು, ಹಿಂಬದಿಯಲ್ಲಿ ಮುಂಬದಿಗಿಂತ ಚೆನ್ನಾಗಿ ಓದಬಹುದಿತ್ತು.

ಈ ನಡುವೆ ನಾನು ಯೋಚಿಸದೇ ಇದ್ದ ಇನ್ನೊಂದು ತಾಪತ್ರಯ ಬೆಳೆಯುತ್ತಿತ್ತು. ಹಾಲಿನ ಹನಿ ಹಾಕಿದ್ದ ಹಾಳೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಲು ಹೋದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಏನವ್ವ ಅದು ಕೈಲಿ?”

“ಟ್ರಯಲ್ ನೋಡಿದ ಹಾಳೆ ಅತ್ತೆ.”

“ಏನ್ ಬರ್ದಿದ್ದೀಯ ಅದ್ರಲ್ಲಿ?”

ನಾನು ಹಾಳೆ ಬಿಡಿಸಿ ತೋರಿಸಿದೆ. ಅವರು ಅದನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟು ಅಂಗೈಯಿಂದ ಸುಕ್ಕು ಬಿಡಿಸಿದರು. “ಸಿರೀರಾಮ ಅಂತ ಬರ್ದು ಈರುಳ್ಳಿ ಸಿಪ್ಪೆ ಜೊತೆ ಆಕ್ತೀಯಾ?”

ನನಗದು ಹೊಳೆದಿರಲೇ ಇಲ್ಲ. ನಾನು ನೋಡುತ್ತಿದ್ದದ್ದು ಸುರುಳಿ, ಅಂಚು, ಕಲೆ. ಆ ದಿನದಿಂದ ನನ್ನ ಕೆಟ್ಟ ಹಾಳೆಗಳೆಲ್ಲ ದೇವರ ಗೂಡಿನ ಪಕ್ಕದ ಬಿದಿರು ತಟ್ಟೆಗೆ ಸೇರತೊಡಗಿದವು. ಸುಡುವ ಹಾಗಿಲ್ಲ, ಬಿಸಾಡುವ ಹಾಗಿಲ್ಲ. ಒಂದೊಂದು ಇಂಕು ಸೋತಾಗಲೂ ರಾಶಿ ಒಂದಿಷ್ಟು ಎತ್ತರವಾಗುತ್ತಿತ್ತು. ದಿನಾ ದೀಪ ಹಚ್ಚುವಾಗ ನನ್ನ ಸೋಲುಗಳಿಗೂ ಕೈಮುಗಿದಂತಾಗುತ್ತಿತ್ತು.

ಪದ ಬದಲಾಯಿಸಿದೆ. ಅದೇ ಅಕ್ಷರಗಳು ಬೇಕಲ್ಲ, ಅದಕ್ಕೆ ‘ಶ್ರೀಗಂಧ, ರಾಮನಗರ’ ಎಂದು ಬರೆದೆ. ಅತ್ತೆ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು.

“ಯಾಕೆ, ರಾಮನಗರದಾಗೆ ರಾಮ ಇಲ್ವಾ?”

ಆ ಹಾಳೆಯೂ ತಟ್ಟೆಗೆ ಹೋಯಿತು. ಆಮೇಲೆ ‘ಶ್ರೀಗಂಧ, ರಾಗಿ, ಮರ’ ಎಂದು ಬರೆದು ಕಾಲ ಹಾಕಿದೆ.

ನಾಲ್ಕನೆಯ ಇಂಕು ಸಿಕ್ಕಿದ್ದು ಮಂಡ್ಯದಲ್ಲಿ, ಕೋರ್ಟಿನ ಆಸುಪಾಸಿನ ಹಳೆಯ ಅಂಗಡಿಯೊಂದರಲ್ಲಿ. ಅಂಗಡಿಯವರು ಏಣಿ ಹಾಕಿ ಮೇಲಿನ ಹಲಗೆಯಿಂದ ಧೂಳು ಹಿಡಿದ ಬಾಟಲಿ ಇಳಿಸಿದರು. “ಕ್ರಯಪತ್ರ ಬರೆಯೋರು ಇದನ್ನೇ ಕೇಳೋರು ಮೇಡಂ. ಈಗ ಎಲ್ಲಾ ಕಂಪ್ಯೂಟರು. ತಗೊಂಡೋಗಿ, ನೀರಲ್ಲಿ ಮುಳುಗಿಸಿದ್ರೂ ಹೋಗಲ್ಲ.” ನಾನು ಅಲ್ಲೇ ಒಂದು ಚೀಟಿಯಲ್ಲಿ ಬರೆದು ನೋಡಿದೆ. ತಿಳಿ ನೀಲಿ, ತೆಳುವಾಗಿತ್ತು. ಮೂಸಿದರೆ ತುಕ್ಕಿನ ವಾಸನೆ. ಇದೇನು ಗಟ್ಟಿ ಇದ್ದೀತು ಎಂದು ಅನುಮಾನದಿಂದಲೇ ತಂದೆ.

ಮನೆಗೆ ಬಂದು ಎಲ್ಲ ಪರೀಕ್ಷೆಗೂ ಒಡ್ಡಿದೆ. ಅಂಚಿಗೆ ಬೇರು ಬಿಡಲಿಲ್ಲ. ಹಿಂದಕ್ಕೆ ಇಂಗಲಿಲ್ಲ. ಬಟ್ಟಲ ನೀರಲ್ಲಿ ಹಾಳೆಯನ್ನೇ ಬಿಟ್ಟು ಪಾತ್ರೆ ತೊಳೆದು ಬಂದೆ. ಅಕ್ಷರ ಕದಲಿರಲಿಲ್ಲ. ನಾನು ಒದ್ದೆ ಕೈಯಲ್ಲೇ ಹಾಳೆ ಹಿಡಿದುಕೊಂಡು ಹೋಗಿ ಅತ್ತೆಗೆ ತೋರಿಸಿದೆ. ಅವರು ಅಂದೇ ಶುರುಮಾಡಿದರು. ಈ ಇಂಕು ಸ್ವಲ್ಪ ಒಣಕಲು, ಕಾಗದದ ಮೇಲೆ ಕರಕರ ಎನ್ನುತ್ತಿತ್ತು. ಆದರೂ ಅತ್ತೆ ದಿನಕ್ಕೆ ಒಂದೆರಡು ಪುಟದಂತೆ ಮುಂದೆ ಹೋದರು. ನಾನು ಮಿಕ್ಕ ಪೆನ್ನುಗಳನ್ನೆಲ್ಲ ತೊಳೆದು ಒಣಹಾಕಿದೆ.

ಅತ್ತೆಗೆ ಒಂದು ರೂಢಿ. ವಾರಕ್ಕೊಮ್ಮೆ ಬರೆಯುವ ಮೊದಲು ಹಿಂದಿನ ಪುಟಗಳಿಗೆಲ್ಲ ಕುಂಕುಮ ಮುಟ್ಟಿಸುತ್ತಾರೆ. ಹಾಗೆ ತಿರುವುತ್ತಾ ನಿಂತುಬಿಟ್ಟರು.

“ಇದ್ಯಾರು ಕಪ್ಪಲ್ಲಿ ಬರ್ದೋರು?”

ನಾನು ಬಂದು ನೋಡಿದೆ. ಆ ದಿನ ಬೆಳಿಗ್ಗೆ ಬರೆದ ಸಾಲು ನೀಲಿ. ಹಿಂದಿನ ದಿನದ್ದು ಮಬ್ಬು. ವಾರದ ಹಿಂದಿನದು ಅಪ್ಪಟ ಕಪ್ಪು. ಬಾಳೆಕಾಯಿ ಹೆಚ್ಚಿದ ಈಳಿಗೆಮಣೆಯನ್ನು ತೊಳೆಯದೆ ಬಿಟ್ಟರೆ ಹೇಗೆ ಕಪ್ಪಾಗುತ್ತದೋ ಹಾಗೆ. ಕಬ್ಬಿಣವೂ ಒಗರೂ ಕೂಡಿದರೆ ಆಗುವುದೇ ಅದು. ಆ ತುಕ್ಕಿನ ವಾಸನೆ ಬಂದಾಗಲೇ ನನಗೆ ತಿಳಿಯಬೇಕಿತ್ತು. ಎಲ್ಲ ಪರೀಕ್ಷೆಯನ್ನೂ ಮಾಡಿದ ನಾನು, ಬರೆದದ್ದನ್ನು ನಾಲ್ಕು ದಿನ ಸುಮ್ಮನೆ ಬಿಟ್ಟು ನೋಡುವ ಪರೀಕ್ಷೆಯೊಂದನ್ನು ಮಾಡಿರಲಿಲ್ಲ. ನೀರಿಗೆ ನಿಲ್ಲುವುದೂ ಕಪ್ಪಾಗುವುದೂ ಒಂದೇ ಗುಣ ಎಂದು ಆಗ ಅರ್ಥವಾಯಿತು. ಒಂದು ಬೇಕು, ಇನ್ನೊಂದು ಬೇಡ ಅನ್ನುವಂತಿರಲಿಲ್ಲ.

“ಕಪ್ಪಲ್ಲಿ ದೇವ್ರೆಸ್ರು ಬರೀಬಾರ್ದು ಕಣವ್ವ,” ಎಂದರು ಅತ್ತೆ. “ಮದ್ವೆ ಕಾಗ್ದಕ್ಕೆ ಕಪ್ಪು ಆಕ್ತಾರಾ? ಕಪ್ಪು ಬಳೆ ತೊಡ್ತಾರಾ?”

ನಾನು ಓದಿದವಳಂತೆ ಒಂದು ವಾದ ಹೂಡಿದೆ. ರಾಮನೇ ನೀಲಮೇಘಶ್ಯಾಮ, ಮೋಡದ ಬಣ್ಣದವನು, ನೀಲಿಯೂ ಹೌದು ಕಪ್ಪೂ ಹೌದು, ಅವನ ಬಣ್ಣದಲ್ಲೇ ಅವನ ಹೆಸರಿದ್ದರೆ ತಪ್ಪೇನು ಎಂದೆ. ನನಗೇ ಮೆಚ್ಚಿಕೆಯಾಗಿತ್ತು ಆ ಮಾತು.

ಅತ್ತೆ ನನ್ನನ್ನೇ ನೋಡಿದರು. “ಮಾತು ಚೆಂದಾಗದೆ. ಮಸಿ ಬದ್ಲಾಯ್ಸು.”

ಬದಲಾಯಿಸಲು ಏನಿತ್ತು? ಆಗ ಮಾಡಿದ ಕೆಲಸ ಈಗ ನೆನೆದರೂ ನಗು ಬರುವುದಿಲ್ಲ. ನೀಲಿ ಉಳಿಯಲಿ ಎಂದು ಕೋರ್ಟಿನ ಇಂಕಿಗೆ ಚೌಕ ಬಾಟಲಿಯ ಇಂಕು ಬೆರೆಸಿದೆ. ದೋಸೆಗೆ ಅಕ್ಕಿ ಉದ್ದು ಹದ ನೋಡಿ ಬೆರೆಸುವ ಹಾಗೆ, ಸ್ವಲ್ಪ ಇದು, ಸ್ವಲ್ಪ ಅದು. ಬಟ್ಟಲಲ್ಲಿ ಚೆನ್ನಾಗಿಯೇ ಕಂಡಿತು. ಪೆನ್ನಿಗೆ ತುಂಬಿ ಇಟ್ಟೆ. ಮಧ್ಯಾಹ್ನ ತೆರೆದಾಗ ಒಡೆದ ಹಾಲಿನಂತೆ ಗಷ್ಟು ಕಟ್ಟಿ, ನಿಬ್ಬಿನ ಕೆಳಗಿನ ನಾಲಗೆಯ ಸಂದಿಗೊಂದಿಯಲ್ಲೆಲ್ಲ ಕೆಸರು ತುಂಬಿತ್ತು. ಅದು ನನ್ನ ಕಾನ್ವೆಂಟಿನ ಪೆನ್ನು. ಹಳೆಯ ಬ್ರಷ್ಷಿನಿಂದ ತಿಕ್ಕಿ, ಉಗುರುಬೆಚ್ಚಗಿನ ನೀರು ಬದಲಿಸಿ ಬದಲಿಸಿ ನೆನೆಹಾಕಿದೆ. ಸಿಂಕು ನೀಲಿಯಾಯಿತು, ನನ್ನ ಉಗುರು ನೀಲಿಯಾಯಿತು, ಸಾರು ತಳ ಹಿಡಿಯಿತು.

“ಏನ್ ಇದು, ಅಡ್ಗೆಮನೇನೋ ಲ್ಯಾಬೋ?” ಎಂದರು ಯಜಮಾನರು ಊಟಕ್ಕೆ ಕೂತು. ನಾನು ಅವರ ತಟ್ಟೆಗೆ ಸೀದ ಸಾರನ್ನೇ ಬಡಿಸಿ ಎದ್ದೆ. ಅವರು ಅದನ್ನೇ ಕಲಸಿಕೊಂಡು ಉಂಡರು.

ಅಂದು ಬಾಟಲಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲೆ ತಳ್ಳಿದೆ. ಅತ್ತೆ ಬರೆಯುವುದನ್ನು ನಿಲ್ಲಿಸಿದ್ದರು. ಪುಸ್ತಕ ದೇವರ ಗೂಡಿನಲ್ಲಿ ಮುಚ್ಚಿದಂತೆಯೇ ಇತ್ತು. ಬೆಳಿಗ್ಗೆ ಪೂಜೆಯಾದ ಮೇಲೆ ಅವರು ಬರೆಯುವ ಹೊತ್ತಿಗೆ ಸುಮ್ಮನೆ ಹೊಸ್ತಿಲಲ್ಲಿ ಕೂರುತ್ತಿದ್ದರು. ಸಮಿತಿಯವರು ಮತ್ತೆ ಫೋನು ಮಾಡಿದಾಗ, “ಇರೋ ಪುಸ್ತಕಾನೇ ಕೊಡ್ತೀವಿ ಬುಡಪ್ಪ,” ಎಂದರು. ಕೊನೆಯದಿಲ್ಲದೆ ಹರಕೆ ತೀರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನನಗೆ ಅಳು ಬರುವಷ್ಟು ಸಿಟ್ಟು. ಯಾರ ಮೇಲೆ ಎಂದು ತೋಚದ್ದರಿಂದ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದೆ.

ತಿರುವು ಬಂದದ್ದು ದೇವರ ಗೂಡು ಒರೆಸುವಾಗ. ಬಿದಿರು ತಟ್ಟೆಯ ನನ್ನ ಹಾಳೆಗಳ ಪಕ್ಕದಲ್ಲೇ ಅತ್ತೆಯ ಪುಸ್ತಕ ತೆರೆದು ನೋಡಿದೆ. ಎರಡೂ ಅಕ್ಷರ ಅಕ್ಕಪಕ್ಕ. ನಾನು ‘ಶ್ರೀ’ಯನ್ನು ಒಂದೇ ಉಸಿರಲ್ಲಿ ಎಳೆದುಬಿಡುತ್ತೇನೆ. ಅತ್ತೆ ಹಾಗಲ್ಲ. ಮೊದಲು ತಲೆ, ಆಮೇಲೆ ಹೊಟ್ಟೆ, ಆಮೇಲೆ ಕೆಳಗಿನ ಒತ್ತು, ಕೊನೆಗೆ ದೀರ್ಘ, ಗೋಡೆ ಕಟ್ಟಿದಂತೆ. ಪ್ರತಿ ಜೋಡಣೆಯಲ್ಲೂ ಒಂದು ಚುಕ್ಕೆ. ನಿಬ್ಬು ಅಲ್ಲಿ ನಿಂತು ಮುಂದಿನದನ್ನು ಯೋಚಿಸಿದೆ. ನಿಂತಷ್ಟು ಹೊತ್ತು ಇಂಕು ಇಳಿದಿದೆ. ನಾನು ಇಷ್ಟು ದಿನ ನೋಡಿದ್ದು ನನ್ನ ಕೈಗೆ ಯಾವ ಇಂಕು ಸರಿ ಎಂದು. ಬರೆಯುವವರು ನಾನಾಗಿರಲಿಲ್ಲ.

ಪೆಟ್ಟಿಗೆ ಇಳಿಸಿದೆ. ಕೋರ್ಟಿನ ಇಂಕು ಕರಕರ ಎನ್ನುತ್ತಿತ್ತಲ್ಲ, ಅದಕ್ಕೆ ಸ್ವಲ್ಪ ಅಗಲ ನಿಬ್ಬಿನ ಪೆನ್ನು ಆರಿಸಿ, ಬ್ಲೇಡಿನ ಅಂಚನ್ನು ನಿಬ್ಬಿನ ಸೀಳಿನಲ್ಲಿ ಇಟ್ಟು ಕೂದಲೆಳೆಯಷ್ಟು ಬಿಡಿಸಿದೆ. ಇಂಕು ಧಾರಾಳವಾಗಿ ಇಳಿಯಿತು. ಆಮೇಲೆ ಎಲ್ಲ ಪೆನ್ನುಗಳನ್ನೂ ತುಂಬಿ, ನನ್ನ ಟ್ರಯಲ್ ಪುಸ್ತಕದಲ್ಲಿ ಮಿಕ್ಕಿದ್ದ ಖಾಲಿ ಹಾಳೆಗಳನ್ನು ಅತ್ತೆಯ ಮುಂದೆ ಹರಡಿದೆ.

“ಇನ್ಮೇಲೆ ನಾನು ನೋಡಲ್ಲ ಅತ್ತೆ. ನೀವೇ ಬರೆದು ನೀವೇ ಹೇಳಿ.”

“ಸಿರೀರಾಮ ಅಂತ ಆಟಕ್ಕೆಲ್ಲ ಬರೆಯಕಿಲ್ಲ ನಾನು.”

“ಬೇರೆ ಏನಾದ್ರೂ ಬರೀರಿ.”

“ಬೇರೆ ಏನ್ ಬತ್ತದೆ ನಂಗೆ?” ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಯೋಚಿಸುತ್ತಾ. ಎಷ್ಟು ವರ್ಷಗಳಿಂದ ಆ ಕೈ ಆ ಒಂದು ಪದದ ಹೊರಗೆ ಹೋಗಿರಲಿಲ್ಲ. ಕೊನೆಗೆ ಮೊದಲ ಪೆನ್ನು ತೆಗೆದುಕೊಂಡು ‘ರಾಗಿ’ ಎಂದು ಬರೆದರು. ಎರಡನೆಯದರಲ್ಲಿ ‘ಹಸ’. ಮೂರನೆಯದರಲ್ಲಿ ‘ಗದ್ದೆ’. ದ್ದ ಒತ್ತು ಎಲ್ಲಿ ಕೂರಬೇಕೆಂದು ಗಾಳಿಯಲ್ಲಿ ಬರೆದು ನೋಡಿಕೊಂಡರು. ಕೋರ್ಟಿನ ಇಂಕಿನಲ್ಲಿ ‘ಮಳವಳ್ಳಿ’ ಎಂದು ಊರಿನ ಪೂರ್ತಿ ಹೆಸರನ್ನೇ ಬರೆದರು. ಬಿಡಿಸಿದ ನಿಬ್ಬು ಸದ್ದಿಲ್ಲದೆ ಓಡಿತು. ನಾನು ನೀರಿನ ಚೊಂಬು ಪಕ್ಕದಲ್ಲಿಟ್ಟೆ.

ಅವರು ಬೆರಳು ಅದ್ದಿ ಒಂದೊಂದರ ಮೇಲೂ ಒಂದೊಂದು ಹನಿ ಬಿಟ್ಟು ಸೆರಗಿನಿಂದ ಒರೆಸಿದರು. ರಾಗಿ ಹೋಯಿತು. ಹಸ ಅರ್ಧ ಹೋಯಿತು. ಗದ್ದೆ ಕಲಸಿಹೋಗಿ ಹಿಂಬದಿಗೂ ಇಳಿಯಿತು. ಮಳವಳ್ಳಿ ಇದ್ದ ಹಾಗೇ ಇತ್ತು. ಅದನ್ನು ಮತ್ತೊಮ್ಮೆ ಜೋರಾಗಿ ಉಜ್ಜಿದರು.

“ಇದು ಕಪ್ಪಾಗೋದಲ್ವಾ?”

“ಹೌದು ಅತ್ತೆ. ಅದೇ.”

ಅವರು ದೇವರ ಗೂಡಿನ ಕಡೆ ನೋಡಿದರು. ಗೂಡಿನ ಮೇಲ್ಭಾಗವನ್ನು ನಾನು ಆಗಷ್ಟೇ ಒರೆಸಿದ್ದೆ. ದೀಪದ ಮಸಿ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ.

“ಗೂಡೂ ಕಪ್ಪಾಯ್ತದೆ,” ಎಂದರು. “ಅಂಗಂತ ದೀಪ ಹಚ್ಚೋದ್ ಬುಟ್ಟಿದ್ದೀವಾ? ನಾ ಬರೆಯೋವಾಗ ನೀಲಿ ಇರ್ತದಲ್ಲ, ಅಷ್ಟ್ ನಂದು. ಕೊಡು ಇತ್ಲಾಗೆ.”

ನನ್ನ ಮೋಡದ ಬಣ್ಣದ ವಾದ ನಡೆಯದ ಕಡೆ ದೀಪದ ಮಸಿ ನಡೆಯಿತು. ನಾನು ಪೆನ್ನು ಕೊಟ್ಟೆ.

ಮುಂದಿನದು ಬರಿಯ ಕೆಲಸ. ಈ ಇಂಕು ನಿಬ್ಬನ್ನು ತಿನ್ನುತ್ತದೆ, ಆದ್ದರಿಂದ ಆಗಾಗ ತೊಳೆಯಬೇಕು. ಬಾಟಲಿಯ ತಳದ ಗಷ್ಟು ಎದ್ದೇಳದಂತೆ ಡ್ರಾಪರಿನಲ್ಲಿ ಮೇಲಿನ ತಿಳಿಯನ್ನಷ್ಟೇ ಎತ್ತಿ ತುಂಬಬೇಕು. ಅತ್ತೆ ಮುಚ್ಚಳ ಹಾಕದೆ ಎದ್ದು ಹೋದರೆ ನಾನು ಹೋಗಿ ಹಾಕಬೇಕು. ಒಂದೊಂದು ದಿನ ಅವರ ಕೈ ನೋಯುತ್ತಿತ್ತು, ಅಂದು ಒಂದೇ ಸಾಲು. ಒಂದೊಂದು ದಿನ ನನಗೆ ಬೇಸರ, ಅಂದು ಮುಚ್ಚಳದ ವಿಷಯಕ್ಕೆ ಇಬ್ಬರಿಗೂ ಮಾತಿಲ್ಲ. ಹಿಂದೆ ಹನಿ ಬಿದ್ದು ಅಳಿಸಿದ್ದ ಮನೆಯನ್ನೂ ಮತ್ತೆ ಬರೆದು, ಕೊನೆಯ ಪುಟದ ಕೊನೆಯ ಮನೆ ತುಂಬಿದಾಗ ಅವರು ನನ್ನನ್ನು ಕರೆಯಲಿಲ್ಲ. ಪೆನ್ನಿಗೆ ತಾವೇ ಮುಚ್ಚಳ ಹಾಕಿಟ್ಟಿದ್ದರು. ಅದನ್ನು ನೋಡಿ ನನಗೆ ತಿಳಿಯಿತು.

ಹೊರಡುವ ಹಿಂದಿನ ದಿನ ಬಿದಿರು ತಟ್ಟೆಯನ್ನು ನನ್ನ ಮುಂದೆ ತಂದಿಟ್ಟರು. “ಇವನ್ನೆಲ್ಲ ಹೊಲ್ದು ಕೊಡು.”

“ಇವು ಯಾಕೆ ಅತ್ತೆ? ಕೆಟ್ಟ ಹಾಳೆಗಳು.”

“ಇಷ್ಟೊಂದು ಬರ್ದಿದ್ದೀಯಲ್ಲ, ಮನ್ಯಾಗಿಟ್ಕೊಂಡು ಏನ್ ಮಾಡ್ತೀಯ?”

“ನಾನು ಇಂಕು ನೋಡ್ತಿದ್ದೆ. ದೇವರನ್ನ ನೆನೆಸ್ತಿರಲಿಲ್ಲ.”

“ನಾನೇನ್ ಯಾವಾಗ್ಲೂ ನೆನ್ಸ್ತಿರ್ತೀನಾ?” ಎಂದರು. “ಬರೆಯೋವಾಗ ಸಾರಿಗೆ ಉಪ್ಪಾಕಿದ್ನಾ ಇಲ್ವಾ ಅಂತ ಯೋಚ್ನೆ ಮಾಡ್ತಿರ್ತೀನಿ. ಬರ್ದಿದ್ದು ಬರ್ದಿದ್ದೇಯ. ಹೊಲಿ.”

ದಬ್ಬಳಕ್ಕೆ ದಾರ ಪೋಣಿಸಿ ಹೊಲಿದೆ. ಗುಲಾಬಿ ಕಲೆಯವು, ಹಾಲಿನ ವಾಸನೆಯವು, ಬೇರು ಬಿಟ್ಟವು, ರಾಮನಗರದ್ದೂ ಸೇರಿ. ಮೇಲೆ ಕೆಳಗೆ ಉಳಿದ ಖಾಲಿ ಹಾಳೆ ಇಟ್ಟೆ.

ಮಂದಿರದ ಬಳಿ ಗುಂಡಿಯ ಪಕ್ಕ ಮೇಜು ಹಾಕಿಕೊಂಡು ಸಮಿತಿಯವರೊಬ್ಬರು ಕೂತಿದ್ದರು. ಹೆಗಲ ಮೇಲೆ ಟವೆಲು. ಅತ್ತೆಯ ಪುಸ್ತಕಗಳನ್ನು ಒಂದೊಂದೇ ಕಣ್ಣಿಗೊತ್ತಿಕೊಂಡು ಇಟ್ಟುಕೊಂಡರು. ಕೊನೆಯದನ್ನು ತಿರುವಿ, “ಇದೇನಕ್ಕ, ಮುಂದೆ ನೀಲಿ, ಹಿಂದೆ ಕಪ್ಪು?” ಎಂದರು.

“ಅದ್ ದೊಡ್ ಕತೆ ಕಣಪ್ಪ. ಇಕ್ಕು ಅತ್ಲಾಗೆ.”

ಹೊಲಿದ ಕಟ್ಟನ್ನು ನೋಡಿ ಅವರು ಮುಖ ಕಿವುಚಿದರು. “ಇದ್ಯಾರ್ದು? ಎಲ್ಲಾ ಕಲೆ. ಹೆಸ್ರೂ ಬರ್ದಿಲ್ಲ ಮ್ಯಾಲೆ.”

ನಾನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದೆ. ಅತ್ತೆ ನನ್ನ ಕೈಚೀಲದ ಕಡೆ ಕೈ ತೋರಿಸಿ ಪೆನ್ನು ಕೊಡು ಎಂದರು. ಕೊಟ್ಟೆ. ಮೇಜಿನ ಮೇಲೆ ಬಗ್ಗಿ ಕಟ್ಟಿನ ಮೇಲಿನ ಖಾಲಿ ಹಾಳೆಗೆ ನಿಬ್ಬು ಇಟ್ಟರು. ನಾನು ಆ ಮನೆಗೆ ಬಂದಾಗಿನಿಂದ ಅವರಿಗೆ ನಾನು ಅವ್ವ, ಕೋಪ ಬಂದರೆ ಬರೀ ಇವಳು. ಹೆಸರು ಹಿಡಿದು ಕರೆದದ್ದಿಲ್ಲ. ನಿಬ್ಬು ಇಟ್ಟವರು ಹಾಗೇ ನಿಂತರು. ಸಮಿತಿಯವರು ಟವೆಲಿನಿಂದ ಮುಖ ಒರೆಸಿಕೊಂಡು ಕಾದರು. ಆಮೇಲೆ ಅತ್ತೆ ತಲೆ, ಹೊಟ್ಟೆ, ಒತ್ತು, ದೀರ್ಘ ಎಂದು ಕಟ್ಟಿಕೊಂಡು ಕಟ್ಟಿಕೊಂಡು ನನ್ನ ಹೆಸರು ಬರೆದು ಮುಗಿಸಿದರು.

ಕಟ್ಟನ್ನು ಗುಂಡಿಗೆ ಇಳಿಸುವ ಮೊದಲು ನಾನು ಅಭ್ಯಾಸಬಲದಿಂದ ಆ ಹಾಳೆಯನ್ನೆತ್ತಿ ಹಿಂಬದಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಎಲ್ಲೂ ಇಂಗಿರಲಿಲ್ಲ. ನನ್ನ ಹೆಸರಿನ ಮೊದಲಕ್ಷರ ಶುರುವಾಗುವಲ್ಲಿ ಮಾತ್ರ ಸಾಸಿವೆಯಷ್ಟು ದೊಡ್ಡ ಒಂದು ನೀಲಿ ಚುಕ್ಕೆ ಹಿಂದಕ್ಕೆ ಇಳಿದಿತ್ತು.